ಜುಂಜನ ಅಂಗೈ

ಜುಂಜೇಶ್ ಒಳಗಿದ್ದಾನೋ ಇಲ್ಲವೋ? ಶ್ರೀರಾಂಪುರದಾಚೆಯ ಆ ಹಟ್ಟಿಯ ಮನೆಯಲ್ಲಿ ಯುಗಾದಿಯಿಂದೀಚೆಗೆ ಇದ್ದದ್ದು ಇದೊಂದೇ ಪ್ರಶ್ನೆ. ಅವನು ಕಣ್ಣು ಬಿಡುತ್ತಿದ್ದ, ಮುಚ್ಚುತ್ತಿದ್ದ, ಉಸಿರಾಡುತ್ತಿದ್ದ. ಕೂಗಿದರೆ ಮಾತ್ರ ಇತ್ತ ತಿರುಗುತ್ತಿರಲಿಲ್ಲ. ಹಿರಿಯೂರಿನ ಹತ್ತಿರ ಕುರಿ ಮಂದೆಯನ್ನು ಹೆದ್ದಾರಿ ದಾಟಿಸುವಾಗ ಲಾರಿಯೊಂದು ಅವನನ್ನು ಎತ್ತಿ ಒಗೆದು ಹೋಗಿತ್ತು. ಒಂದು ಕುರಿಗೂ ಗಾಯವಾಗಲಿಲ್ಲ. ಎಲ್ಲವನ್ನೂ ಆಚೆ ದಾಟಿಸಿ, ಹಿಂದೆ ಉಳಿದವನು ಅವನೇ.

ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ ಮನೆಗೆ ಕಳಿಸಿದ್ದರು. ಮೂಗಿನಲ್ಲಿ ಒಂದು ಪೈಪು, ಅದರಲ್ಲಿ ಗಂಜಿ, ಹಾಲು, ಮಾತ್ರೆ ಅರೆದ ನೀರು. ಮಿದುಳಿಗೆ ಬಿದ್ದ ಪೆಟ್ಟು, ಅರಿವು ಮರಳಿದರೂ ಮರಳಬಹುದು, ಮರಳದೆಯೂ ಇರಬಹುದು ಅಂದಿದ್ದರು ಡಾಕ್ಟರು. ಆ 'ಮರಳಬಹುದು' ಎಂಬ ಮಾತು ಹಿಡಿದುಕೊಂಡು ತಾಯಿ ಗಂಗಕ್ಕ ಮಗನನ್ನು ಮಗ್ಗುಲು ಬದಲಿಸುತ್ತಿದ್ದಳು, ಒರೆಸುತ್ತಿದ್ದಳು, ಮೈಗೆಲ್ಲ ಹರಳೆಣ್ಣೆ ತಿಕ್ಕುತ್ತಿದ್ದಳು. ಹೆಂಡತಿ ರಂಜಿತಾ ಮದುವೆಯ ಬಳೆ ಇನ್ನೂ ಹಳತಾಗಿರದ ಹುಡುಗಿ. ಗಂಡನ ಮುಖ ನೋಡುತ್ತ ಕೂತು ಕೂತು ಅವಳ ಮುಖವೂ ಕಲ್ಲಾಗಿತ್ತು. ಮನೆಯ ಹಿರಿಯ ಕಾಟಲಿಂಗಪ್ಪ, ಜುಂಜನ ತೀರಿಹೋದ ತಂದೆಯ ಅಣ್ಣ, ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು ನೋಡಿ, ಮಂದೆಯ ಕಡೆ ಹೋಗುತ್ತಿದ್ದ.

ಇನ್ನು ಮೇಘಶ್ರೀ. ಜುಂಜನ ಅಕ್ಕ, ಈ ಕತೆಯ ಪಾಪವನ್ನೆಲ್ಲ ಹೊತ್ತವಳು. ಹಟ್ಟಿಯಲ್ಲಿ ಅಷ್ಟು ಓದಿದವರು ಇನ್ನೊಬ್ಬರಿಲ್ಲ. ಚಿತ್ರದುರ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳ ಸಂಶೋಧನೆ. ಮನುಷ್ಯನ ಮನಸ್ಸಿನಲ್ಲಿ ಆಗುವುದನ್ನು ಅವನ ಮೈಯಿಂದ ಓದುವ ಯಂತ್ರ ಮಾಡುವುದು. ಹೆದರಿದಾಗ, ಹಿಗ್ಗಿದಾಗ, ತನ್ನದೇ ಹೆಸರು ಕಿವಿಗೆ ಬಿದ್ದಾಗ ಅಂಗೈಯಲ್ಲಿ ಕಣ್ಣಿಗೆ ಕಾಣದಷ್ಟು ಬೆವರು ಒಸರುತ್ತದೆ. ಎರಡು ಬೆರಳಿಗೆ ಪಟ್ಟಿ ಸುತ್ತಿ, ಗೊತ್ತೇ ಆಗದಷ್ಟು ಕರೆಂಟು ಹಾಯಿಸಿದರೆ, ಆ ಬೆವರಿಗೆ ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆ ಮೇಲೇಳುತ್ತದೆ. ಬಾಯಿ ಬಾರದವರ ನೋವು ಇದರಿಂದ ತಿಳಿಯಬಹುದು ಎಂಬುದು ಅವಳ ಆಸೆ.

ಅವಳ ಗೈಡ್ ಗೋವರ್ಧನ ಸರ್ ಮಾತ್ರ ಪ್ರತಿ ಸಲವೂ ಒಂದೇ ಕೊಂಕು ತೆಗೆಯುತ್ತಿದ್ದರು. "ಗೆರೆ ಏಳುತ್ತೆ, ಒಪ್ಪಿದೆ. ಆದರೆ ಖುಷಿಗೂ ಏಳುತ್ತೆ, ಭಯಕ್ಕೂ ಏಳುತ್ತೆ. ಎದ್ದದ್ದು ಯಾವುದಕ್ಕೆ ಅಂತ ಹೇಳೋದು ಹೇಗಮ್ಮ?" ಅದನ್ನು ಮುಂದೆ ನೋಡೋಣ ಅಂದುಕೊಂಡಿದ್ದಳು.

ಭಾದ್ರಪದದ ಒಂದು ಶನಿವಾರ ಮೂಗಿನ ಪೈಪು ಕಟ್ಟಿಕೊಂಡಿತು. ಅದನ್ನು ತೆಗೆದುಹಾಕಿದ ನರ್ಸ್ ಮಲ್ಲೇಶ್, ಹೊಸದು ಹಾಕಲು ಶ್ರೀರಾಂಪುರದಿಂದ ಮತ್ತೆ ಬರಬೇಕಿತ್ತು. ಆಗ ಕಾಟಲಿಂಗಪ್ಪ ಬಾಯಿಬಿಟ್ಟ. "ಸಾಕು. ಹುಡುಗ ಎಂದೋ ಹೋಗ್ಯಾನೆ. ಮೈ ಒಂದನ್ನ ಹಿಡಿದು ಎಳೆದಾಡ್ತಿದೀವಿ. ಇನ್ನ ಪೈಪು ಬ್ಯಾಡ."

ಅವನು ಕೆಟ್ಟವನಾಗಿ ಆಡಿದ ಮಾತಲ್ಲ ಅದು. ತಮ್ಮನ ಮಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಆದರೆ ಫೋನಿನಲ್ಲಿ ವಿಷಯ ಕೇಳಿದ ಮೇಘಶ್ರೀ ಅದನ್ನು ಒಪ್ಪಲಿಲ್ಲ. ಓದಿದವರಿಗೆ ಒಂದು ಚಟ, ತಮ್ಮ ಕೈಯಲ್ಲಿರುವ ಸಾಮಾನಿನಿಂದಲೇ ಲೋಕದ ಬೀಗವನ್ನೆಲ್ಲ ತೆಗೆಯಲು ಹೊರಡುತ್ತಾರೆ. "ದೊಡ್ಡಪ್ಪ, ನಾಳೆ ನನ್ನ ಮಿಷನ್ ತರ್ತೀನಿ. ಅವನು ಒಳಗಿದಾನೆ ಅಂತ ಅದು ಹೇಳಿದ್ರೆ ಪೈಪು ಹಾಕಿಸ್ಬೇಕು. ಇಲ್ಲ ಅಂತು ಅಂದ್ರೆ ನಾನು ಆಮೇಲೆ ಬಾಯಿ ಬಿಡಲ್ಲ."

"ಆಗ್ಲವ್ವ" ಅಂದ ಕಾಟಲಿಂಗಪ್ಪ. "ನಿನ್ನ ಮಾತಿಗೆ ನಾನು ಬದ್ಧ."

ಒಳಗಿದ್ದಾನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ತಮ್ಮನ ಜೀವವನ್ನು ಪಣಕ್ಕಿಟ್ಟಳು.

ಭಾನುವಾರ ಬೆಳಿಗ್ಗೆ ಪಡಸಾಲೆಯ ಮಂಚದ ಪಕ್ಕ ಸ್ಟೂಲ್ ಎಳೆದು ಲ್ಯಾಪ್‌ಟಾಪ್ ಇಟ್ಟಳು. ವೈರು ಬಿಡಿಸುತ್ತಿರುವಾಗ ಗಂಗಕ್ಕ ಎಣ್ಣೆ ಬಟ್ಟಲು ತಂದಳು. "ಒಂಚೂರು ಎಣ್ಣೆ ಹಚ್ಚಿಬಿಡ್ತೀನಿ ಕಣೆ, ಕೈಕಾಲಿನ ಕಾವು ಇಳೀಲಿ. ಮಿಷನ್ ಇಟ್ಟಾಗ ಹುಡುಗ ತಂಪಾಗಿರ್ಬೇಕು." ಬಟ್ಟಲನ್ನು ಮಗಳ ಕೈಗೆ ಕೊಟ್ಟು, ಮಗನ ಅಂಗಾಲಿಗೆ, ಅಂಗೈಗೆ, ಬೆರಳು ಬೆರಳಿಗೆ ನೀವಿ ನೀವಿ ಹಚ್ಚಿದಳು. ಮುಂಗಾರು ಹಿಂಗಾರೆನ್ನದೆ ಕುರಿಯ ಹಿಂದೆ ಅಲೆದು ಬಿರಿಯುವ ಕೈಕಾಲಿಗೆ ಆ ಮನೆಯಲ್ಲಿ ಅಜ್ಜನ ಕಾಲದಿಂದಲೂ ಅದೇ ಎಣ್ಣೆ. ಮೇಘಶ್ರೀ ಬಟ್ಟಲು ಹಿಡಿದು ನಿಂತಳು. ಆಮೇಲೆ ಎಣ್ಣೆ ಮೇಲೆ ಮೇಲೆ ಒರೆಸಿ, ಬೆರಳಿಗೆ ಪಟ್ಟಿ ಸುತ್ತಿದಳು.

ಮೊದಲು ಸಂಬಂಧವಿಲ್ಲದ ಹೆಸರುಗಳನ್ನು ಕರೆದಳು. ಓಬಳೇಶ್, ರಂಗಪ್ಪ, ಚೇತನ್. ನಡುವೆ ಜುಂಜೇಶ್ ಅಂದಳು. ಗೆರೆ ಒಣಗಿದ ಕೆರೆಯಂಗಳದಂತೆ ಮಟ್ಟಸವಾಗಿ ಮಲಗಿತ್ತು. ಗಂಗಕ್ಕ "ಮಗಾ, ನಾನು ಕಣೋ" ಅಂದಳು. ರಂಜಿತಾ ಕಿವಿಯ ಹತ್ತಿರ ಏನೋ ಪಿಸುಗುಟ್ಟಿದಳು. ಮೇಘಶ್ರೀ ತಲೆದೆಸೆಯಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದಳು. ಏನೂ ಇಲ್ಲ. ಮತ್ತೆ ಮೊದಲಿನಿಂದ ಮಾಡಿದಳು. ಆಗಲೂ ಇಲ್ಲ. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಗೆರೆ ಹೀಗೆಯೇ ಸತ್ತು ಮಲಗುವುದನ್ನು ಅವಳು ಓದಿದ್ದಳು.

ಇನ್ನೊಂದು ದಿನ ನೋಡೋಣ ಅನ್ನಬಹುದಿತ್ತು. ಅನ್ನಲಿಲ್ಲ. ತನ್ನ ತಮ್ಮ ಅಂತ ಗೆರೆಯನ್ನು ತಿದ್ದಲಾಗುತ್ತದೆಯೇ, ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ತನ್ನ ಧರ್ಮ ಅಂತ ಎದೆ ಗಟ್ಟಿಮಾಡಿಕೊಂಡಳು. ಅದನ್ನು ಧೈರ್ಯ ಅಂದುಕೊಂಡಳು, ಪೆದ್ದಿ. ಮಂಚದ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಏನೂ ಇಲ್ಲ ದೊಡ್ಡಪ್ಪ. ಒಳಗೆ ಯಾರೂ ಇಲ್ಲ."

ಒಳಗೆ ಯಾರೂ ಇಲ್ಲ ಎಂದಾದ ಮೇಲೆ ಯಾರಿಗೆ ಯಾತರ ಮುಲಾಜು? ಅಷ್ಟು ತಿಂಗಳು ಮಂಚದ ಸುತ್ತ ಪಿಸುಮಾತಿನಲ್ಲಿ ಬದುಕಿದ್ದ ಮನೆ ಒಮ್ಮೆಲೇ ಗಂಟಲು ಬಿಟ್ಟಿತು. ಕಾಟಲಿಂಗಪ್ಪ ಗೋಡೆಗೆ ಒರಗಿ, "ಅವರಪ್ಪನ ಪಕ್ಕದಾಗೇ ಮಣ್ಣು ಮಾಡಾಣ" ಅಂದ. "ಮಿಲ್ಟ್ರೀನ ಸಂತೆಗೆ ಹೊಡೀರಿ. ಇವನಿಲ್ಲದ ಮ್ಯಾಲೆ ಅದನ್ನ ಯಾರು ತಡ್ಕಂತಾರೆ." ಮಿಲ್ಟ್ರಿ ಅಂದರೆ ತಾಯಿ ಸತ್ತ ಮರಿಯೊಂದನ್ನು ಜುಂಜ ಬಾಟಲಿ ಹಾಲಿನಲ್ಲಿ ಸಾಕಿ, ಎಡಗೋಡು ಸೊಟ್ಟಗಿದ್ದರೂ ಮಂದೆಗೆಲ್ಲ ಮುಂದಾಳು ಮಾಡಿದ ಟಗರು. ರಂಜಿತಾ ಸೆರಗು ಬಾಯಿಗೆ ಒತ್ತಿಕೊಂಡು, "ನಾನೂ ಬದುಕ್ಬೇಕಲ್ಲ ಅತ್ತೆ, ಬಾಗೂರಿಗೆ ಹೋಗ್ತೀನಿ, ಮತ್ತೆ ಬರಲ್ಲ" ಅಂದಳು. ಗಂಗಕ್ಕ ಮಗನ ಹಣೆ ಸವರಿದಳು. "ಹೋಗ್ಬಿಡು ಕಂದ. ನನ್ನ ಕೈಲೂ ಇನ್ನ ಆಗಲ್ಲ. ಹೋಗ್ಬಿಡು."

ಜುಂಜ ತೊಲೆ ನೋಡುತ್ತ ಮಲಗಿದ್ದ.

ಮಲ್ಲೇಶನಿಗೆ ಬರಬೇಡ ಅಂತ ಫೋನು ಹೋಯಿತು. ತುಟಿ ಒಣಗದಂತೆ ಹಾಲಿನಲ್ಲಿ ಅದ್ದಿದ ಬಟ್ಟೆ ಹಿಂಡುವುದಷ್ಟೇ ಉಳಿಯಿತು. ಸಾಯುವುದನ್ನು ನೋಡುತ್ತ ಕೂರುವುದು ಮೇಘಶ್ರೀಯಿಂದ ಆಗಲಿಲ್ಲ. ಕಾಲೇಜಿನಲ್ಲಿ ಹುಡುಗಿಯರಿಗೆ ಮಿಷನ್ನಿನ ಪರೀಕ್ಷೆಗೆ ಬರಹೇಳಿದ್ದೇನೆ ಎಂಬ ನೆಪ ಹೇಳಿ ಸಂಜೆಯ ಬಸ್ಸಿಗೇ ಹೊರಟುಬಿಟ್ಟಳು. ಓಡಿಹೋದಳು ಅನ್ನುವುದೇ ಸರಿ.

ಎರಡು ದಿನ ಹಾಸ್ಟೆಲಿನಲ್ಲಿ ಬಿದ್ದುಕೊಂಡಿದ್ದು, ಬುಧವಾರ ಬೆಳಿಗ್ಗೆ ಲ್ಯಾಬಿಗೆ ಬಂದಳು. ಅನುಸೂಯ ಎಂಬ ವಿದ್ಯಾರ್ಥಿನಿ ಕುರ್ಚಿಯಲ್ಲಿ ಕೂತಳು. ಮೇಘಶ್ರೀ ಅವಳ ಬೆರಳಿಗೆ ಪಟ್ಟಿ ಸುತ್ತಿದಳು. ಹೆಸರು ಕರೆದಳು. ಗೆರೆ ಏಳಲಿಲ್ಲ. ಚಪ್ಪಾಳೆ ತಟ್ಟಿದಾಗ ಹುಡುಗಿ ಬೆಚ್ಚಿ ಅರ್ಧ ಎದ್ದೇಬಿಟ್ಟಳು, ಗೆರೆ ಮಾತ್ರ ಮಲಗೇ ಇತ್ತು.

"ಮೇಡಂ, ಇದು ಜಾರ್ತಾ ಇದೆ" ಅಂದಳು ಅನುಸೂಯ. ಬೆರಳನ್ನು ಮೂಗಿನ ಹತ್ತಿರ ತಂದು ಮುಖ ಕಿವಿಚಿದಳು. "ಎಂಥದೋ ವಾಸನೆ. ಬಾಣಂತಿ ಮನೆ ವಾಸನೆ. ಹರಳೆಣ್ಣೆ ಅಲ್ವಾ ಇದು?"

ಮೇಘಶ್ರೀ ಪಟ್ಟಿಯನ್ನು ಮೂಸಿದಳು. ಅವಳಿಗೆ ಏನೂ ಬರಲಿಲ್ಲ. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವಳಿಗೆ ಅದೊಂದು ವಾಸನೆಯೇ ಅಲ್ಲ. ತಾಯಿಯ ಸೆರಗು, ತಲೆದಿಂಬು, ಕಂಬಳಿ, ಎಲ್ಲ ಅದೇ. ಮತ್ತೆ ಮೂಸಿದಳು, ಬೆರಳಿನಿಂದ ಉಜ್ಜಿದಳು. ಜಾರಿತು. ಪಟ್ಟಿಯ ಒಳಬದಿಯ ಲೋಹದ ಬಿಲ್ಲೆಗಳ ಮೇಲೆ ಅಂಟಂಟಾಗಿ ಎಣ್ಣೆಯ ಪೊರೆ ಕೂತಿತ್ತು.

ಕೈತೊಳೆಯುವ ಬೇಸಿನ್ನಿನ ಮೇಲೆ ಅವಳದೇ ಕೈಬರಹದ ಹಲಗೆ ತೂಗುತ್ತಿತ್ತು. ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು ಕೂತುಕೊಳ್ಳಿ. ಬಂದವರಿಗೆಲ್ಲ ಅವಳು ಹೇಳುವ ಮೊದಲ ಮಾತೇ ಅದು. ಎಣ್ಣೆ ಜಿಡ್ಡಿದ್ದರೆ ಕರೆಂಟು ಹಾಯುವುದಿಲ್ಲ, ಒಳಗೆ ಎಷ್ಟು ಬೆವರಿದರೂ ಗೆರೆಗೆ ಗೊತ್ತಾಗುವುದಿಲ್ಲ. ಯಾರ್ಯಾರದೋ ಮಕ್ಕಳಿಗೆ ಹೇಳಿದ ಮಾತು ಸ್ವಂತ ತಮ್ಮನ ಕೈ ಹಿಡಿದಾಗ ನೆನಪಾಗಲಿಲ್ಲ. ಎಣ್ಣೆ ಬಟ್ಟಲನ್ನು ತಾನೇ ಹಿಡಿದು ನಿಂತಿದ್ದಳು.

"ಅಯ್ಯೋ" ಅಂದಳು. ಎಲ್ಲವನ್ನೂ ಬ್ಯಾಗಿಗೆ ತುರುಕಿ ಬಸ್‌ಸ್ಟ್ಯಾಂಡಿಗೆ ಓಡಿದಳು.

ಬಸ್ಸಿನಲ್ಲಿ ತಾಯಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಕಾಟಲಿಂಗಪ್ಪ ಮಂದೆಯ ಹಿಂದೆ ಹೋಗಿದ್ದಿರಬೇಕು, ರಿಂಗಾಗಿ ರಿಂಗಾಗಿ ನಿಂತಿತು. ತಮ್ಮ ಇದ್ದಾನೋ ಹೋಗಿಬಿಟ್ಟನೋ ಅಂತ ಹೇಳುವವರಿಲ್ಲ. ಹೊಳಲ್ಕೆರೆಯಲ್ಲಿ ಡ್ರೈವರು ಟೀ ಕುಡಿಯಲು ಇಳಿದ. ಸಿರಿಗೆರೆಯ ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯರು ಸೌತೆಕಾಯಿ ಕೊಳ್ಳುತ್ತ ಕಿಲಕಿಲ ನಗುತ್ತಿದ್ದರು. ಆ ನಗು ಕೇಳಿ ಮೇಘಶ್ರೀಗೆ ಕಿರುಚಬೇಕೆನಿಸಿತು. ಡ್ರೈವರನ ಹತ್ತಿರ ಹೋಗಿ, "ಅಣ್ಣ, ಬೇಗ ಹೊರಡ್ರಿ, ನನ್ನ ತಮ್ಮ ಸಾಯ್ತಿದಾನೆ" ಅಂದಳು. ಅವನು ಅವಳ ಮುಖ ನೋಡಿ ಅರ್ಧ ಟೀ ಬಿಟ್ಟು ಎದ್ದ.

ಹೊಸದುರ್ಗ ಬರುವ ಮೊದಲು ರಂಜಿತಾ ಫೋನು ಎತ್ತಿದಳು. ಸೋಮವಾರವೇ ಬಾಗೂರಿನ ತವರಿಗೆ ಹೋಗಿದ್ದಳು.

"ರಂಜಿ, ತಪ್ಪಾಗೈತೆ ಕಣೆ. ಕೈಗೆ ಎಣ್ಣೆ ಇತ್ತು. ಅದಕ್ಕೇ ಮಿಷನ್ ಏನೂ ಹೇಳ್ಲಿಲ್ಲ. ಅವನು ಒಳಗಿರಬಹುದು."



"ಹಂಗಾರೆ ನಾನು ಅಂದಿದ್ದು?" ಅಂದಳು ರಂಜಿತಾ. "ಮತ್ತೆ ಬರಲ್ಲ ಅಂದಿದ್ದು ಕೇಳಿಸ್ತೇನಕ್ಕ ಅವ್ರಿಗೆ? ಅವ್ರ ಮುಂದೇನೇ ಅಂದ್ಬಿಟ್ನಲ್ಲ..." ಆಮೇಲೆ ಅವಳು ಅತ್ತ ರೀತಿಗೆ ಮೇಘಶ್ರೀ ಫೋನನ್ನು ಕಿವಿಯಿಂದ ದೂರ ಹಿಡಿದಳು. ಆವರೆಗೆ ಅವಳಿಗೆ ತಮ್ಮ ಬದುಕಿರಲಿ ಎಂಬುದೊಂದೇ ಚಿಂತೆ ಇತ್ತು. ಅವನು ಒಳಗಿದ್ದೇ ಅಷ್ಟೂ ಮಾತು ಕೇಳಿಸಿಕೊಂಡಿದ್ದರೆ ಎಂಬುದು ಈಗ ಹೊಳೆಯಿತು. ಒಳಗಿರದಿದ್ದರೇ ಒಳ್ಳೆಯದಿತ್ತೇನೋ ಅಂತ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹಟ್ಟಿಗೆ ಬಂದಾಗ ಜುಂಜ ಇದ್ದ. ಕೆನ್ನೆ ಒಳಹೋಗಿತ್ತು, ತುಟಿ ಬಿರಿದಿತ್ತು, ಉಸಿರು ಮೇಲೆಯೇ ಆಡುತ್ತಿತ್ತು. ಮಂದೆ ಬಿಟ್ಟು ಆಗತಾನೇ ಬಂದಿದ್ದ ಕಾಟಲಿಂಗಪ್ಪ ಕಟ್ಟೆಯ ಮೇಲೆ ಕೂತು ಅವಳ ಮಾತನ್ನೆಲ್ಲ ಕೇಳಿದ. ಕೇಳಿ ತಲೆಯಾಡಿಸಿದ.

"ಮೊನ್ನೆ ಇಲ್ಲ ಅಂತು ನಿನ್ನ ಮಿಷನ್ನು. ಇವತ್ತು ಐತೆ ಅಂತೈತೆ. ನಾಳೆ ಏನಂತೈತೋ? ನೆಂಟರಿಗೆಲ್ಲ ಹೇಳಿ ಕಳ್ಸಿದೀನಿ ಕಣವ್ವ. ನಿಮ್ಮವ್ವ ಎದೆ ಗಟ್ಟಿ ಮಾಡ್ಕಂಡು ಕುಂತವಳೆ. ಮತ್ತೆ ಆಸೆ ಹುಟ್ಟಿಸಿ ಕೊಲ್ಲಬ್ಯಾಡ ಆಕೀನ."

"ನಾನೇ ಹೇಳಿದ್ದು ದೊಡ್ಡಪ್ಪ, ಮಿಷನ್ ಅಲ್ಲ. ತಪ್ಪು ನಂದು." ಮೇಘಶ್ರೀ ಅವನ ಕಾಲ ಬಳಿ ಕುಕ್ಕರಿಸಿದಳು. "ಒಂದೇ ಒಂದ್ಸಲ. ನಾನು ಬಾಯೇ ಬಿಡಲ್ಲ. ನೀನೇ ಮಾತಾಡು, ನೀನೇ ನೋಡು. ಏಳ್ಲಿಲ್ಲ ಅಂದ್ರೆ ನಾನೇ ಅವನಿಗೆ ಮಣ್ಣು ಹಾಕ್ತೀನಿ."

ಗಂಗಕ್ಕ ಬಿಸಿನೀರು ತಂದಿಟ್ಟಳು. ಸೀಗೆಪುಡಿ ತಂದಳು. ತಾಯಿ ಮಗಳು ಸೇರಿ ಜುಂಜನ ಬಲಗೈಯನ್ನು ತಟ್ಟೆಯಲ್ಲಿಟ್ಟು ತೊಳೆದರು. ಎಷ್ಟೋ ತಿಂಗಳು ಕುಡಿದಿದ್ದ ಎಣ್ಣೆ ಸುಲಭಕ್ಕೆ ಬಿಡಲಿಲ್ಲ. ಸೀಗೆ ಹಾಕಿ, ಸೋಪು ಹಾಕಿ, ಮತ್ತೆ ಸೀಗೆ ಹಾಕಿ ಉಜ್ಜಿದರು. ತಾನು ತಂಪಾಗಲೆಂದು ಹಚ್ಚಿದ್ದನ್ನೇ ಈಗ ತಿಕ್ಕಿ ತೆಗೆಯುತ್ತಿದ್ದ ಗಂಗಕ್ಕನ ಕಣ್ಣೀರು ಆ ತಟ್ಟೆಗೇ ಬೀಳುತ್ತಿತ್ತು. ಒಣಬಟ್ಟೆಯಲ್ಲಿ ಒರೆಸಿದ ಮೇಲೆ ಅಂಗೈ ಬಿಳಿಚಿಕೊಂಡು, ಮಗುವಿನ ಕೈಯಂತೆ ಕಂಡಿತು. ಮೇಘಶ್ರೀ ಪಟ್ಟಿಯ ಬಿಲ್ಲೆಗಳನ್ನೂ ಸೋಪು ಹಾಕಿ ಒರೆಸಿ, ಬೆರಳಿಗೆ ಸುತ್ತಿ, ಲ್ಯಾಪ್‌ಟಾಪನ್ನು ಕಾಟಲಿಂಗಪ್ಪನ ಕಡೆ ತಿರುಗಿಸಿದಳು.

"ಟಗರುಗಳ ಹೆಸರು ಹೇಳು ದೊಡ್ಡಪ್ಪ. ಯಾರ ಮಂದೇದಾದ್ರೂ ಸರಿ. ನಡುವೆ ಎಲ್ಲಾದ್ರೂ ಅವನದನ್ನ ಸೇರಿಸು."

ಕಾಟಲಿಂಗಪ್ಪ ಗಂಟಲು ಸರಿಮಾಡಿಕೊಂಡ. ಹುಚ್ಚಾಟ ಅನ್ನಿಸಿದರೂ ಶನಿವಾರ ಫೋನಿನಲ್ಲಿ ಮಾತು ಕೊಟ್ಟಿದ್ದ. "ಕೆಂಚ" ಅಂದ. ತಡೆದ. "ಗೆಜ್ಜೆಗಾಲ." ತಡೆದ. "ಬಿಳಿಯ." ಗೆರೆ ಸುಮ್ಮನೆ ಹರಿಯುತ್ತಿತ್ತು. "ಮಿಲ್ಟ್ರಿ."

ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಗೆರೆ ಎದ್ದಿತು. ಮಲಗಿದ್ದ ಗೆರೆ ತಲೆಯೆತ್ತಿ, ಏರಿ, ಮೇಲೆ ಹೋಗಿ ನಿಂತು, ನಿಧಾನವಾಗಿ ಇಳಿಯಿತು. ಜುಂಜನ ಮುಖದಲ್ಲಿ ಒಂದು ಎಳೆಯೂ ಅಲುಗಿರಲಿಲ್ಲ.

ಕಾಟಲಿಂಗಪ್ಪ ಕಣ್ಣುಜ್ಜಿಕೊಂಡ. ಈ ಸಲ ಮೊದಲೇ ಮಿಲ್ಟ್ರಿ ಅಂದ. ಗೆರೆ ಎದ್ದಿತು. ಬೇರೆ ಹೆಸರು ಹೇಳಿದ, ಮಲಗಿತು. ಮತ್ತೆ ಆ ಹೆಸರು ಹೇಳಿದ, ಎದ್ದಿತು.

"ಸಂತೆಗೆ ಹೊಡೀರಿ ಅಂದಿದ್ನಲ್ಲೇ ನಾನು" ಅಂದ. "ಮಣ್ಣು ಮಾಡಾಣ ಅಂದ್ನಲ್ಲೇ, ಇಲ್ಲೇ ನಿಂತು." ಆ ಮುದುಕ ಮಂಚದ ಕಾಲು ಹಿಡಿದು ನೆಲಕ್ಕೆ ಕುಸಿದ. "ಲೇ ಜುಂಜ, ಮಿಲ್ಟ್ರಿ ಎಲ್ಲೂ ಹೋಗಿಲ್ಲ ಕಣೋ. ಹಿತ್ತಲಾಗೇ ಕಟ್ಟೈತೆ. ಯಾರಿಗೂ ಕೊಡಲ್ಲ ಮಗಾ." ಎದ್ದವನೇ ಚಪ್ಪಲಿ ಸಹ ಮೆಟ್ಟದೆ ಹೊರಗೆ ಹೋಗಿ, ಪಕ್ಕದ ಮನೆಯವನ ಬೈಕು ಹತ್ತಿ ಮಲ್ಲೇಶನನ್ನು ಕರೆತರಲು ಶ್ರೀರಾಂಪುರಕ್ಕೆ ಹೋದ.

ಮಲ್ಲೇಶ್ ಬಂದ. ಪೈಪು ಇಳಿಯಿತು. ಮೊದಲು ಸಕ್ಕರೆ ನೀರು, ಆಮೇಲೆ ತೆಳ್ಳನೆ ಗಂಜಿ ಹನಿಹನಿಯಾಗಿ ಹೋಯಿತು. ಮೈ ಬಹಳ ಸೋತಿದೆ, ಬೆಳಿಗ್ಗೆ ಆಸ್ಪತ್ರೆಗೆ ಒಯ್ಯಬೇಕು, ಉಳಿದರೆ ನಿಮ್ಮ ಪುಣ್ಯ ಅಂದ ಮಲ್ಲೇಶ್. ರಂಜಿತಾ ಕೊನೆಯ ಬಸ್ಸಿಗೆ ಬರುತ್ತಾಳೆ ಅಂತ ಫೋನು ಬಂತು. ಗಂಡಸರು ಗಾಡಿ ಗೊತ್ತುಮಾಡಲು ಹೊರಗೆ ಹೋದರು.

ಮಂಚದ ಹತ್ತಿರ ಮೇಘಶ್ರೀ ಒಬ್ಬಳೇ ಉಳಿದಳು. ಪಟ್ಟಿ ಇನ್ನೂ ಅವನ ಬೆರಳಲ್ಲೇ ಇತ್ತು. ಈ ಸಂಜೆ ಅವಳು ಅವನ ಜೊತೆ ಇನ್ನೂ ಮಾತಾಡಿರಲಿಲ್ಲ. ಈಗ ಮುಖದ ಹತ್ತಿರ ಬಾಗಿ, ಮೆಲ್ಲಗೆ ಅಂದಳು.

"ಜುಂಜ. ನಾನು ಕಣೋ, ಮೇಘಿ."

ಗೆರೆ ಎದ್ದಿತು. ಮಿಲ್ಟ್ರಿಯ ಹೆಸರಿಗೆ ಎದ್ದದ್ದಕ್ಕಿಂತ ಮೇಲೆ ಹೋಯಿತು, ಪರದೆಯ ಅಂಚಿಗೆ ತಾಗಿತು. ಕೆಳಗಿಳಿಯಲಿಲ್ಲ. ಅವಳು ತಮ್ಮನ ಕಣ್ಣು ನೋಡಿದಳು, ಅದು ತೊಲೆಯನ್ನೇ ನೋಡುತ್ತಿತ್ತು. ಭಾನುವಾರ ಇದೇ ಜಾಗದಲ್ಲಿ ನಿಂತು, ಇದೇ ದನಿಯಲ್ಲಿ, ಒಳಗೆ ಯಾರೂ ಇಲ್ಲ ಅಂದವಳು ಅವಳು. ಗೆರೆ ಖುಷಿಗೂ ಏಳುತ್ತದೆ, ಭಯಕ್ಕೂ ಏಳುತ್ತದೆ. ಗೋವರ್ಧನ ಸರ್ ಕೇಳಿದ ಪ್ರಶ್ನೆ ಈಗ ಮಂಚದ ಮೇಲೆ ಮಲಗಿತ್ತು.

"ತಪ್ಪಾಯ್ತು ಕಣೋ" ಅಂದಳು. ಗೆರೆ ಇಳಿಯುತ್ತದೇನೋ ಅಂತ ಕಾದಳು.

ಗಂಗಕ್ಕ ಒಳಗಿನಿಂದ ಬಂದು ಮಗಳ ಹೆಗಲ ಮೇಲಿಂದ ಪರದೆಯನ್ನು ಇಣುಕಿ ನೋಡಿದಳು. ಅಷ್ಟು ಎತ್ತರಕ್ಕೆ ಹೋಗಿದ್ದ ಗೆರೆ ನೋಡಿ, ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತು.

"ನಿನ್ನ ದನಿ ಗುರ್ತು ಹಿಡಿದ್ನಾ? ಅಕ್ಕ ಬಂದ್ಲು ಅಂತ ಖುಷಿಯಾಗೈತೇನೆ ಅವನಿಗೆ?"

"ಹೂಂ ಕಣವ್ವ" ಅಂದಳು ಮೇಘಶ್ರೀ. "ಖುಷಿಯಾಗೈತೆ."

ಆ ಮಾತಿಗೂ ಗೆರೆ ಅಲುಗಿತು. ಅವನು ಅದನ್ನೂ ಕೇಳಿಸಿಕೊಂಡಿದ್ದ.